ಜಠರ ಕಿರಿದಾದ ಮೇಲೆ: ತೂಕ ಇಳಿಸುವ ಶಸ್ತ್ರಚಿಕಿತ್ಸೆ ಮಾಡುವುದೇನು, ನಮಗೆ ಬಿಡುವುದೇನು

ತೂಕ ಇಳಿಸುವ ಶಸ್ತ್ರಚಿಕಿತ್ಸೆ ಎಂದರೆ ಹೊಟ್ಟೆಯ ಕೊಬ್ಬನ್ನು ಹೀರಿ ತೆಗೆಯುವುದು ಎಂದುಕೊಂಡವರು ಬಹಳ ಮಂದಿ. ಅದು ಲೈಪೊಸಕ್ಷನ್, ಮೈಯ ಆಕಾರ ತಿದ್ದುವ ಕೆಲಸ. ಬೇರಿಯಾಟ್ರಿಕ್, ಅಂದರೆ ತೂಕ ಇಳಿಸುವ ಶಸ್ತ್ರಚಿಕಿತ್ಸೆಯಲ್ಲಿ ಕೊಬ್ಬು ತೆಗೆಯುವುದೇ ಇಲ್ಲ. ಕತ್ತರಿ ಬೀಳುವುದು ಜಠರಕ್ಕೆ. ಕೆಲವು ವಿಧಾನಗಳಲ್ಲಿ ಸಣ್ಣಕರುಳಿನ ದಾರಿಯೂ ಬದಲಾಗುತ್ತದೆ. ಕೊಬ್ಬು ಕರಗುವುದು ಆಮೇಲೆ, ತಿಂಗಳುಗಟ್ಟಲೆ, ತಿನ್ನುವುದು ಕಡಿಮೆಯಾದಂತೆಲ್ಲ.

ಇನ್ನೊಂದು ತಪ್ಪು ತಿಳಿವಳಿಕೆ ಇದಕ್ಕಿಂತ ಆಳದ್ದು: ಜಠರ ಚಿಕ್ಕದಾಯಿತು, ಹಾಗಾಗಿ ಕಡಿಮೆ ಹಿಡಿಸುತ್ತದೆ, ಹಾಗಾಗಿ ಸಣ್ಣಗಾಗುತ್ತಾರೆ ಎನ್ನುವುದು. ಇದರಲ್ಲಿ ಅರ್ಧ ಸತ್ಯವಿದೆ. ಆದರೆ ಜಾಗ ಕಡಿಮೆಯಾದದ್ದಷ್ಟೇ ಕಾರಣವಾಗಿದ್ದರೆ ಹಸಿವು ಹಾಗೇ ಉಳಿಯಬೇಕಿತ್ತು. ಉಳಿಯುವುದಿಲ್ಲ. ವಿಷಯದ ತಿರುಳು ಇರುವುದೇ ಇಲ್ಲಿ.

ಬರೀ ಪಥ್ಯದಿಂದ ತೂಕ ಇಳಿಸಿದಾಗ ದೇಹ ಅದನ್ನು ಬರಗಾಲವೆಂದೇ ತಿಳಿಯುತ್ತದೆ. ಹಸಿವು ಹುಟ್ಟಿಸುವ ಘ್ರೆಲಿನ್ ಎಂಬ ಹಾರ್ಮೋನ್ ಏರುತ್ತದೆ. ಕೊಬ್ಬಿನ ದಾಸ್ತಾನು ಸಾಕಷ್ಟಿದೆ ಎಂದು ಮಿದುಳಿಗೆ ಹೇಳುವ ಲೆಪ್ಟಿನ್ ಇಳಿಯುತ್ತದೆ. ಸುಮ್ಮನೆ ಕೂತಾಗ ಖರ್ಚಾಗುವ ಶಕ್ತಿಯೂ, ಇಳಿದ ತೂಕದ ಲೆಕ್ಕಕ್ಕಿಂತ ಹೆಚ್ಚೇ ತಗ್ಗುತ್ತದೆ. ಹಸಿವು ಹೆಚ್ಚು, ಖರ್ಚು ಕಡಿಮೆ: ಈ ಎರಡರ ನಡುವೆ ಸಿಕ್ಕಿಕೊಂಡವರ ತೂಕ ಮರಳಿ ಬಂದರೆ ಅದನ್ನು ಮನೋಬಲದ ಸೋಲು ಎನ್ನುವುದು ಅನ್ಯಾಯ. ಶಸ್ತ್ರಚಿಕಿತ್ಸೆ ಈ ಜಗಳಕ್ಕೇ ಕೈಹಾಕುತ್ತದೆ. ತುಂಬಿತೆಂಬ ಸಂಕೇತ ಬೇಗ ಹುಟ್ಟುತ್ತದೆ, ಹಸಿವಿನ ಸಂಕೇತ ಕುಗ್ಗುತ್ತದೆ. ಆದರೆ ಈ ಕೃಪೆ ಪೂರ್ತಿ ಬಲದಲ್ಲಿ ಇರುವುದು ಸುಮಾರು ಒಂದರಿಂದ ಒಂದೂವರೆ ವರ್ಷ. ಆ ಅವಧಿಯಲ್ಲಿ ಊಟ, ನಡಿಗೆ, ನಿದ್ದೆ, ಮಾತ್ರೆಗಳ ಅಭ್ಯಾಸ ಕೂತರೆ ಮುಂದಿನ ಹತ್ತಾರು ವರ್ಷಕ್ಕೆ ಆಸರೆ ಸಿಗುತ್ತದೆ. ಕೂರದಿದ್ದರೆ ತೂಕ ನಿಧಾನವಾಗಿ ಹತ್ತುತ್ತದೆ.

ಒಳಗೆ ಏನು ಬದಲಾಗುತ್ತದೆ

ಇಂದು ಜಗತ್ತಿನಲ್ಲಿ ಹೆಚ್ಚು ನಡೆಯುವುದು ಸ್ಲೀವ್ ಗ್ಯಾಸ್ಟ್ರೆಕ್ಟಮಿ. ಬಾಯಿಯಿಂದ ಜಠರಕ್ಕೆ ಸುಮಾರು 12–13 ಮಿ.ಮೀ. ದಪ್ಪದ ಒಂದು ಕೊಳವೆ ಇಳಿಸಿ, ಅದನ್ನೇ ಅಳತೆಗೋಲು ಮಾಡಿಕೊಂಡು, ಸ್ಟೇಪ್ಲರ್‌ನಿಂದ ಜಠರವನ್ನು ಉದ್ದಕ್ಕೆ ಕತ್ತರಿಸಿ ಮುಚ್ಚುತ್ತಾ ಬರುತ್ತಾರೆ. ಜಠರದ 75–80 ಶೇಕಡಾ ಭಾಗ ಹೊರಗೆ ಬರುತ್ತದೆ. ಉಳಿಯುವುದು ಬಾಳೆಹಣ್ಣಿನಾಕಾರದ, 100–150 ಮಿ.ಲೀ. ಹಿಡಿಸುವ ನಾಳ. ಘ್ರೆಲಿನ್ ಹೆಚ್ಚಾಗಿ ತಯಾರಾಗುವುದು ಜಠರದ ಮೇಲಿನ ಗುಮ್ಮಟದಂಥ ಭಾಗದಲ್ಲಿ. ತೆಗೆದ ತುಂಡಿನ ಜೊತೆ ಅದೂ ಹೋಗುತ್ತದೆ. ಹೋದದ್ದು ಮರಳಿ ಬಾರದು, ಈ ಶಸ್ತ್ರಚಿಕಿತ್ಸೆಯನ್ನು ಹಿಂತಿರುಗಿಸಲಾಗದು. ಕಿರಿದಾದ ನಾಳದಲ್ಲಿ ಒತ್ತಡ ಹೆಚ್ಚು, ಆದ್ದರಿಂದ ಎದೆಯುರಿ ಇದ್ದವರಿಗೆ ಅದು ಜೋರಾಗಬಹುದು, ಇಲ್ಲದವರಿಗೆ ಹೊಸದಾಗಿ ಶುರುವಾಗಬಹುದು. ಆಮ್ಲದಿಂದ ಅನ್ನನಾಳ ಈಗಾಗಲೇ ಗಾಯಗೊಂಡಿದ್ದರೆ ಸಾಮಾನ್ಯವಾಗಿ ಮುಂದೆ ವಿವರಿಸುವ ಬೈಪಾಸನ್ನೇ ಸೂಚಿಸುತ್ತಾರೆ.

ರೂ-ಎನ್-ವೈ ಬೈಪಾಸ್‌ನಲ್ಲಿ ಜಠರದ ಮೇಲ್ತುದಿಯಲ್ಲಿ ಸುಮಾರು 30 ಮಿ.ಲೀ.ನ, ಎರಡು ದೊಡ್ಡ ಚಮಚದಷ್ಟೇ ಹಿಡಿಸುವ ಚೀಲ ಮಾಡಿ ಉಳಿದ ಜಠರದಿಂದ ಬೇರ್ಪಡಿಸುತ್ತಾರೆ. ಸಣ್ಣಕರುಳನ್ನು ಕತ್ತರಿಸಿ ಅದರ ಕೆಳ ತುದಿಯನ್ನು ಮೇಲೆಳೆದು ಈ ಚೀಲಕ್ಕೆ ಹೊಲಿಯುತ್ತಾರೆ. ತಿಂದ ಆಹಾರ ಈ ಹೊಸ ದಾರಿಯಲ್ಲಿ ಇಳಿಯುತ್ತದೆ; ಪಿತ್ತರಸವೂ ಮೇದೋಜೀರಕ ರಸವೂ ಹಳೆಯ ದಾರಿಯಲ್ಲಿ ಬಂದು ಒಂದೂಕಾಲು ಮೀಟರಿನಷ್ಟು ಕೆಳಗೆ ಆಹಾರವನ್ನು ಕೂಡುತ್ತವೆ. ಎರಡು ದಾರಿ ಸೇರುವ ಆಕಾರ ಇಂಗ್ಲಿಷಿನ ವೈ (Y) ಅಕ್ಷರದಂತೆ, ಹೆಸರಿನಲ್ಲಿ ವೈ ಬಂದದ್ದು ಅದರಿಂದ. ಉಳಿದ ಜಠರ ದೇಹದೊಳಗೇ ಇರುತ್ತದೆ, ರಸ ಸ್ರವಿಸುತ್ತಲೇ ಇರುತ್ತದೆ, ಆಹಾರ ಮಾತ್ರ ಕಾಣುವುದಿಲ್ಲ. ಆಹಾರ ಕರುಳಿನ ಕೆಳಭಾಗಕ್ಕೆ ಬೇಗ ತಲುಪುವುದರಿಂದ ಜಿಎಲ್‌ಪಿ-1, ಪಿವೈವೈ ಎಂಬ ಹಾರ್ಮೋನ್‌ಗಳು ಊಟದ ನಂತರ ಹಲವು ಪಟ್ಟು ಏರುತ್ತವೆ. ಜಿಎಲ್‌ಪಿ-1 ಇನ್ಸುಲಿನ್ ಬಿಡುಗಡೆಗೆ ಪುಷ್ಟಿ ಕೊಡುತ್ತದೆ, ಎರಡೂ ಸೇರಿ ಹಸಿವು ಅಡಗಿಸುತ್ತವೆ. ತೂಕ ಇಳಿಯುವ ಮೊದಲೇ, ಕೆಲವೇ ದಿನಗಳಲ್ಲಿ ಟೈಪ್ 2 ಮಧುಮೇಹಿಗಳ ಸಕ್ಕರೆ ಇಳಿಯುವುದಕ್ಕೆ ಇದೂ ಒಂದು ಕಾರಣ, ಆ ದಿನಗಳ ಅತ್ಯಲ್ಪ ಆಹಾರ ಇನ್ನೊಂದು.

ಒಂದೇ ಜೋಡಣೆಯ ಬೈಪಾಸ್ ಇದರ ಸರಳ ರೂಪ: ಉದ್ದನೆಯ ಚೀಲ, ಕರುಳಿನ 150–200 ಸೆಂ.ಮೀ. ಬಿಟ್ಟು ಒಂದೇ ಹೊಲಿಗೆ. ಪಿತ್ತರಸ ಹಿಂದಕ್ಕೆ ಬರುವ ಸಾಧ್ಯತೆ ಇದರ ದೋಷ. ಜಠರಕ್ಕೆ ಸಿಲಿಕೋನ್ ಪಟ್ಟಿ ಕಟ್ಟುವ ವಿಧಾನ ಈಗ ಬಹುತೇಕ ಹಿಂದೆ ಸರಿದಿದೆ. ಪಟ್ಟಿ ಜಾರುವುದು, ಜಠರದೊಳಗೆ ಕೊರೆಯುವುದು, ಇಳಿದ ತೂಕವೂ ಕಡಿಮೆ.

1950ರ ದಶಕದ ಮೊದಲ ಪ್ರಯತ್ನಗಳಲ್ಲಿ ಜಠರವನ್ನು ಮುಟ್ಟದೆ ಕರುಳಿನ ಬಹುಭಾಗವನ್ನೇ ದಾಟಿಸಿಬಿಡುತ್ತಿದ್ದರು. ತೂಕವೇನೋ ಇಳಿಯಿತು, ಜೊತೆಗೆ ನಿಲ್ಲದ ಭೇದಿ, ಅಪೌಷ್ಟಿಕತೆ, ಯಕೃತ್ತಿನ ವೈಫಲ್ಯ ಬಂದವು. ಅದನ್ನು ಕೈಬಿಡಬೇಕಾಯಿತು. 1966ರಲ್ಲಿ ಅಮೆರಿಕದ ಅಯೋವಾ ವಿಶ್ವವಿದ್ಯಾಲಯದ ಎಡ್ವರ್ಡ್ ಮೇಸನ್ ಜಠರದ ಬೈಪಾಸ್ ಆರಂಭಿಸಿದರು, ಇಂದಿನ ಬೈಪಾಸ್‌ಗಳ ಮೂಲ ಅದೇ. ಪೋಷಕಾಂಶದ ಮಾತ್ರೆಗಳ ಬಗ್ಗೆ ವೈದ್ಯರು ಇಂದಿಗೂ ಅಷ್ಟೊಂದು ಹಟ ಹಿಡಿಯುವುದೇಕೆ ಎನ್ನುವವರು ಆ ಮೊದಲ ಅಧ್ಯಾಯವನ್ನು ನೆನೆಯಬೇಕು.

ಯಾರಿಗೆ, ಎಷ್ಟು ಇಳಿಯುತ್ತದೆ

ಅಮೆರಿಕದ ಮತ್ತು ಅಂತರರಾಷ್ಟ್ರೀಯ ಬೇರಿಯಾಟ್ರಿಕ್ ತಜ್ಞರ ಸಂಘಗಳು 2022ರಲ್ಲಿ ಮಾನದಂಡ ಬದಲಿಸಿದವು. ಬಿಎಂಐ, ಅಂದರೆ ಎತ್ತರಕ್ಕೆ ಹೋಲಿಸಿ ತೂಕ ಅಳೆಯುವ ಸೂಚ್ಯಂಕ, 35 ದಾಟಿದರೆ ಬೇರೆ ಕಾಯಿಲೆ ಇರಲಿ ಬಿಡಲಿ ಶಸ್ತ್ರಚಿಕಿತ್ಸೆ ಸಲಹೆ ಮಾಡಬಹುದು. 30–35ರ ನಡುವಿನವರಿಗೆ ಮಧುಮೇಹದಂಥ ತೊಂದರೆ ಇದ್ದರೆ ಪರಿಗಣಿಸಬಹುದು. ಏಷ್ಯಾ ಮೂಲದವರಿಗೆ 27.5ರಿಂದಲೇ ಯೋಚಿಸಬಹುದು ಎಂದಿದ್ದಾರೆ, ಏಕೆಂದರೆ ಅವರಲ್ಲಿ ಕಡಿಮೆ ಬಿಎಂಐಗೇ ಮಧುಮೇಹ, ಹೃದ್ರೋಗ ಕಾಣಿಸಿಕೊಳ್ಳುತ್ತವೆ. ಹತೋಟಿಯಲ್ಲಿಲ್ಲದ ಮಾನಸಿಕ ಕಾಯಿಲೆ, ಮದ್ಯ ಅಥವಾ ಮಾದಕ ವಸ್ತುವಿನ ಚಟ ಇದ್ದರೆ ಮೊದಲು ಅದಕ್ಕೆ ಚಿಕಿತ್ಸೆ.

ಸಂಖ್ಯೆಗಳಲ್ಲಿ ಮೋಸಹೋಗುವುದು ಸುಲಭ. "ಹೆಚ್ಚುವರಿ ತೂಕದ 70 ಶೇಕಡಾ ಇಳಿಯುತ್ತದೆ" ಎಂಬ ಮಾತನ್ನು ಒಟ್ಟು ತೂಕದ 70 ಶೇಕಡಾ ಎಂದುಕೊಂಡು ನಿರಾಶರಾದವರಿದ್ದಾರೆ. ಒಂದು ಲೆಕ್ಕ ಹಾಕಿ ನೋಡೋಣ. ಎತ್ತರ 165 ಸೆಂ.ಮೀ., ತೂಕ 120 ಕೆಜಿ ಇದ್ದರೆ ಬಿಎಂಐ 44. ಬಿಎಂಐ 25 ಆಗಬೇಕಾದರೆ ಈ ಎತ್ತರಕ್ಕೆ 68 ಕೆಜಿ ಇರಬೇಕು, ಅಂದರೆ ಹೆಚ್ಚುವರಿ ತೂಕ 52 ಕೆಜಿ. ಸ್ಲೀವ್‌ನಿಂದ ಒಂದು ವರ್ಷದಲ್ಲಿ ಒಟ್ಟು ತೂಕದ ಸುಮಾರು ಕಾಲು ಭಾಗ, ಅಂದರೆ 30 ಕೆಜಿ ಇಳಿಯುವುದು ಸಾಧಾರಣ. ತೂಕ 90ಕ್ಕೆ ಬರುತ್ತದೆ. ಬೈಪಾಸ್‌ನಿಂದ 30 ಶೇಕಡಾ ಎಂದಿಟ್ಟುಕೊಂಡರೆ 36 ಕೆಜಿ ಇಳಿದು 84ಕ್ಕೆ ನಿಲ್ಲುತ್ತದೆ. ಹೆಚ್ಚುವರಿ ತೂಕದ ಲೆಕ್ಕದಲ್ಲಿ ಇದೇ 36 ಕೆಜಿ 69 ಶೇಕಡಾ ಆಯಿತು. ಎರಡೂ ಒಂದೇ ಸಂಗತಿ. 84 ಕೆಜಿಯಲ್ಲಿ ಬಿಎಂಐ ಇನ್ನೂ 31 ಹತ್ತಿರವೇ ಇರುತ್ತದೆ, ಆದರೆ ಸಕ್ಕರೆ, ರಕ್ತದೊತ್ತಡ, ಮಂಡಿಯ ನೋವು, ನಿದ್ದೆಯ ಉಸಿರುಗಟ್ಟುವಿಕೆ ಇವುಗಳಲ್ಲಿ ಆಗುವ ಬದಲಾವಣೆ ದೊಡ್ಡದು. ಸ್ವೀಡನ್ನಿನಲ್ಲಿ 1987ರಲ್ಲಿ ಆರಂಭವಾಗಿ ದಶಕಗಟ್ಟಲೆ ನಡೆದ ಅಧ್ಯಯನವೊಂದು, ಶಸ್ತ್ರಚಿಕಿತ್ಸೆ ಪಡೆದವರಲ್ಲಿ ಸಾವಿನ ಪ್ರಮಾಣ ಕಡಿಮೆ ಎಂದು ತೋರಿಸಿತು. ಅದೇ ಅಧ್ಯಯನದಲ್ಲಿ ಒಂದೆರಡು ವರ್ಷದ ನಂತರ ತೂಕ ಸ್ವಲ್ಪ ಮೇಲೇರಿ ಆಮೇಲೆ ನೆಲೆಗೊಂಡದ್ದೂ ಕಾಣುತ್ತದೆ. ಸ್ವಲ್ಪ ಮರಳಿ ಬರುವುದು ಸಹಜ, ಬಹುಪಾಲು ಮರಳಿ ಬಂದರೆ ಕಾರಣ ಹುಡುಕಬೇಕು.

ಮೊದಲೇ ಶುರುವಾಗುವ ಕೆಲಸ

ಶಸ್ತ್ರಚಿಕಿತ್ಸೆಗೆ ಎರಡು ವಾರ ಮೊದಲಿನಿಂದ ದಿನಕ್ಕೆ 800–1,000 ಕ್ಯಾಲೊರಿಯ, ಪ್ರೋಟೀನ್ ಹೆಚ್ಚು ಇರುವ, ಸಕ್ಕರೆ-ಪಿಷ್ಟ ಕಡಿಮೆ ಇರುವ ಆಹಾರ ಕೊಡುತ್ತಾರೆ. ಉದ್ದೇಶ ತೂಕವಲ್ಲ, ಯಕೃತ್ತು. ಕೊಬ್ಬು ತುಂಬಿ ಊದಿದ ಯಕೃತ್ತಿನ ಎಡಭಾಗ ಜಠರದ ಮೇಲೆ ಮಲಗಿರುತ್ತದೆ. ಹೊಟ್ಟೆಗೆ ಚಿಕ್ಕ ರಂಧ್ರ ಮಾಡಿ ಕ್ಯಾಮೆರಾ ಇಳಿಸಿ ಮಾಡುವ ಲ್ಯಾಪರೋಸ್ಕೋಪಿಯಲ್ಲಿ ಅದನ್ನು ಎತ್ತಿ ಹಿಡಿದೇ ಕೆಲಸ ಮಾಡಬೇಕು. ಎರಡು ವಾರದ ಪಥ್ಯದಲ್ಲಿ ಅದು ಕುಗ್ಗಿ ಮೆತ್ತಗಾಗುತ್ತದೆ. "ಇನ್ನು ಮುಂದೆ ತಿನ್ನೋಕಾಗಲ್ಲ" ಎಂದು ಈ ದಿನಗಳಲ್ಲಿ ಬೀಳ್ಕೊಡುಗೆಯ ಔತಣ ಮಾಡಿಕೊಳ್ಳುವವರು ತಮ್ಮದೇ ಶಸ್ತ್ರಚಿಕಿತ್ಸೆಯನ್ನು ಕಷ್ಟಕ್ಕೆ ದೂಡುತ್ತಾರೆ. ಇನ್ಸುಲಿನ್, ಸಕ್ಕರೆ ಇಳಿಸುವ ಮಾತ್ರೆ ತೆಗೆದುಕೊಳ್ಳುವವರು ವೈದ್ಯರು ಡೋಸ್ ತಗ್ಗಿಸದೆ ಈ ಪಥ್ಯ ಆರಂಭಿಸಬಾರದು.

ಧೂಮಪಾನವನ್ನು ಕನಿಷ್ಠ ಆರು ವಾರ ಮೊದಲೇ ಬಿಡಬೇಕು, ಆಮೇಲೂ ಮುಟ್ಟಬಾರದು. ಕಬ್ಬಿಣ, ಬಿ12, ಡಿ ಜೀವಸತ್ವ ಈಗಲೇ ಅಳೆಸಿ ಕೊರತೆ ತುಂಬಿಸಿಕೊಳ್ಳಬೇಕು, ಏಕೆಂದರೆ ದಪ್ಪಗಿರುವವರಲ್ಲೂ ಈ ಕೊರತೆ ಸಾಮಾನ್ಯ. ಗೊರಕೆ ಜೋರಿದ್ದರೆ ನಿದ್ದೆಯ ಪರೀಕ್ಷೆ, ಉಸಿರಾಟದ ಯಂತ್ರ ಬಳಸುತ್ತಿದ್ದರೆ ಅದನ್ನು ಆಸ್ಪತ್ರೆಗೂ ಒಯ್ಯಬೇಕು.

ಅಪಾಯದ ಮಾತನ್ನೂ ನೇರವಾಗಿ ಹೇಳಬೇಕು. ಅನುಭವವಿರುವ ಕೇಂದ್ರಗಳಲ್ಲಿ ಸಾವಿನ ಸಂಭವ ಸಾವಿರಕ್ಕೆ ಒಂದರ ಆಸುಪಾಸು. ಎಲ್ಲರೂ ಹೆದರುವುದು ಸ್ಟೇಪಲ್ ಹಾಕಿದ ಜಾಗ ಸೋರುವುದಕ್ಕೆ. ಮನೆಗೆ ಬಂದ ಮೇಲೂ ಅದು ಕಾಣಿಸಿಕೊಳ್ಳಬಹುದು, ಹೊಟ್ಟೆ ಅಷ್ಟೇನೂ ನೋಯದೆಯೂ ಇರಬಹುದು. ಮೊದಲ ಸೂಚನೆ ಹಲವು ಸಲ ನಾಡಿ: ಸುಮ್ಮನೆ ಕೂತಿದ್ದರೂ ನಿಮಿಷಕ್ಕೆ 120 ದಾಟಿ ಇಳಿಯುವುದೇ ಇಲ್ಲ. ಜೊತೆಗೆ ಜ್ವರ, ಎಡ ಭುಜದ ನೋವು, ಏದುಸಿರು, ಏನೋ ಸರಿಯಿಲ್ಲ ಎಂಬ ತಳಮಳ. ಇದಕ್ಕೆ ಬೆಳಗಾಗುವ ತನಕ ಕಾಯಬಾರದು. ಒಂದು ಕಾಲು ಮಾತ್ರ ಊದಿ ನೋಯುವುದು, ಹಠಾತ್ ಎದೆನೋವು ಇವು ರಕ್ತ ಹೆಪ್ಪುಗಟ್ಟಿದ ಸೂಚನೆ. ಶಸ್ತ್ರಚಿಕಿತ್ಸೆಯ ದಿನವೇ ಎಬ್ಬಿಸಿ ನಡೆಸುವುದು ಈ ಹೆಪ್ಪನ್ನು ತಡೆಯಲೆಂದೇ.

ಮತ್ತೆ ಉಣ್ಣಲು ಕಲಿಯುವುದು

ಮೊದಲೆರಡು ದಿನ ತಿಳಿನೀರಿನಂಥ ದ್ರವ, 30 ಮಿ.ಲೀ.ನ ಚಿಕ್ಕ ಲೋಟದಲ್ಲಿ, ಗುಟುಕು ಗುಟುಕಾಗಿ. ಎರಡನೇ ವಾರದ ಕೊನೆಯವರೆಗೆ ಹಾಲು, ಪ್ರೋಟೀನ್ ಪಾನೀಯ, ಸೋಸಿದ ಸೂಪ್. ಮೂರು-ನಾಲ್ಕನೇ ವಾರ ಮಿಕ್ಸಿಯಲ್ಲಿ ನುಣ್ಣಗೆ ರುಬ್ಬಿದ್ದು. ಐದು-ಆರನೇ ವಾರ ಫೋರ್ಕಿನಿಂದ ಹಿಸುಕಲು ಬರುವಷ್ಟು ಮೆತ್ತಗಿನದು. ಆಮೇಲೆ ನಿಧಾನಕ್ಕೆ ಎಲ್ಲರ ಊಟ. ಆಸ್ಪತ್ರೆಯಿಂದ ಆಸ್ಪತ್ರೆಗೆ ಈ ವಾರಗಳಲ್ಲಿ ವ್ಯತ್ಯಾಸವಿದೆ. ನಿಮ್ಮ ತಂಡ ಕೊಟ್ಟ ಚೀಟಿಯೇ ಪ್ರಮಾಣ. ಹಸಿವಿಲ್ಲದಿದ್ದರೂ ಗಟ್ಟಿ ಆಹಾರ ಜಗಿಯುವ ಆಸೆ ಹತ್ತನೇ ದಿನದ ಹೊತ್ತಿಗೆ ತೀವ್ರವಾಗುತ್ತದೆ, ಹೊಲಿಗೆ ಇನ್ನೂ ಹಸಿಯಿರುವ ದಿನಗಳು ಅವೇ.

ಐದನೇ ವಾರದ ಒಂದು ಊಟವನ್ನು ಹತ್ತಿರದಿಂದ ನೋಡಿ. ಅಂಗೈಯಗಲದ ತಟ್ಟೆ, ಮಕ್ಕಳ ಚಮಚ. ಒಂದು ಬೇಯಿಸಿದ ಮೊಟ್ಟೆ, ಎರಡು ಚಮಚ ಗಟ್ಟಿ ಮೊಸರು, ಒಂದು ಚಮಚ ಹಿಸುಕಿದ ತರಕಾರಿ. ಮೊಟ್ಟೆಯ ಹಳದಿ ಒಣಗಿದ್ದರೆ ಅಂಟಿಕೊಂಡು ನಿಲ್ಲುತ್ತದೆ, ಅದನ್ನು ಮೊಸರಿನಲ್ಲಿ ಕಲಸಬೇಕು. ಬೆರಳ ಉಗುರಿನಷ್ಟು ತುತ್ತು, ಇಪ್ಪತ್ತು-ಮೂವತ್ತು ಸಲ ಅಗಿದು ನುಂಗಿ, ಚಮಚ ಕೆಳಗಿಟ್ಟು, ಒಂದು ನಿಮಿಷ ಬಿಟ್ಟು ಮುಂದಿನ ತುತ್ತು. ಮೊದಲು ಮೊಟ್ಟೆ, ಆಮೇಲೆ ತರಕಾರಿ. ಹಳೆಯ "ಹೊಟ್ಟೆ ತುಂಬಿತು" ಎಂಬ ಅನುಭವ ಇಲ್ಲಿ ಬರುವುದಿಲ್ಲ. ಬರುವುದು ಎದೆಮೂಳೆಯ ಕೆಳಗೊಂದು ಒತ್ತಡ, ಒಂದು ಬಿಕ್ಕಳಿಕೆ, ಕೆಲವರಿಗೆ ಇದ್ದಕ್ಕಿದ್ದಂತೆ ಮೂಗಿನಲ್ಲಿ ನೀರು. ನಿಲ್ಲಿಸು ಎಂಬ ಮಾತು ಅದೇ. ತಟ್ಟೆಯಲ್ಲಿ ಉಳಿದ ಒಂದೇ ಚಮಚ ಎಂದು ನುಂಗಿದರೆ ಬಾಯಲ್ಲಿ ನೊರೆಯಂಥ ಜೊಲ್ಲು ತುಂಬಿ, ಸ್ವಲ್ಪ ಹೊತ್ತಿಗೆ ಅದು ವಾಂತಿಯಾಗಿ ಮೇಲೆ ಬರುತ್ತದೆ. ಇಪ್ಪತ್ತರಿಂದ ಮೂವತ್ತು ನಿಮಿಷದಲ್ಲಿ ಊಟ ಮುಗಿಯಬೇಕು; ಗಂಟೆಗಟ್ಟಲೆ ಎಳೆದರೆ ಒಂದು ಕಡೆ ಇಳಿಯುತ್ತಾ ಇನ್ನೊಂದು ಕಡೆ ತುಂಬುತ್ತಾ ಹೋಗುತ್ತದೆ.

ಊಟದ ಜೊತೆ ನೀರು ಬೇಡ, ಮುಗಿದ ಮೇಲೆ ಅರ್ಧ ಗಂಟೆ ಬಿಟ್ಟು ಕುಡಿಯಬೇಕು. ನೀರು ಸೇರಿದರೆ ಆಹಾರ ತೆಳುವಾಗಿ ಬೇಗ ಜಾರುತ್ತದೆ, ತುಂಬಿದ ಭಾವ ನಿಲ್ಲದು. ಹಾಗೆಂದು ನೀರನ್ನೇ ಮರೆತರೆ ನಿರ್ಜಲೀಕರಣ; ಮೊದಲ ತಿಂಗಳು ಮತ್ತೆ ಆಸ್ಪತ್ರೆ ಸೇರುವುದಕ್ಕೆ ಸಾಮಾನ್ಯ ಕಾರಣಗಳಲ್ಲಿ ಇದೂ ಒಂದು. ದಿನಕ್ಕೆ ಒಂದೂವರೆಯಿಂದ ಎರಡು ಲೀಟರ್, ಬಾಟಲಿ ಕೈಯಲ್ಲೇ ಇಟ್ಟುಕೊಂಡು ಗುಟುಕರಿಸುತ್ತಲೇ ಇರಬೇಕು. ಸೋಡಾ, ಕೋಲಾ ಬೇಡ.

ಪ್ರೋಟೀನ್ ದಿನಕ್ಕೆ ಕನಿಷ್ಠ 60 ಗ್ರಾಂ. ಒಂದು ಮೊಟ್ಟೆಯಲ್ಲಿ ಇರುವುದು 6 ಗ್ರಾಂ, ಹಾಗಾಗಿ ಆರಂಭದಲ್ಲಿ ಊಟದಿಂದಲೇ ಇದು ತುಂಬುವುದಿಲ್ಲ, ಪುಡಿ ಬೆರೆಸಿದ ಪಾನೀಯ ಬೇಕಾಗುತ್ತದೆ. ಪ್ರೋಟೀನ್ ಸಾಲದಿದ್ದರೆ ಕೊಬ್ಬಿನ ಜೊತೆ ಸ್ನಾಯುವೂ ಕರಗುತ್ತದೆ. ಮೂರನೇ ತಿಂಗಳಿನಿಂದ ಆರನೇ ತಿಂಗಳವರೆಗೆ ಕೂದಲು ಉದುರುವುದು ಮಾತ್ರ ಬಹುತೇಕ ತೂಕ ಜೋರಾಗಿ ಇಳಿದದ್ದರ ಪರಿಣಾಮ, ತಾನಾಗಿ ಮರಳಿ ಬೆಳೆಯುತ್ತದೆ. ಆರು ತಿಂಗಳು ದಾಟಿಯೂ ನಿಲ್ಲದಿದ್ದರೆ ಕಬ್ಬಿಣ, ಸತು ನೋಡಿಸಬೇಕು.

ಬೈಪಾಸ್ ಆದವರು ಸಿಹಿ ತಿಂದರೆ ಇನ್ನೊಂದು ಪಾಠ ಕಾದಿರುತ್ತದೆ. ಸಕ್ಕರೆ ನೇರವಾಗಿ ಕರುಳಿಗೆ ಸುರಿದು ನೀರನ್ನು ಎಳೆದುಕೊಳ್ಳುತ್ತದೆ. ಅರ್ಧ ಗಂಟೆಯೊಳಗೆ ಎದೆ ಡವಡವ, ಬೆವರು, ಹೊಟ್ಟೆ ಹಿಂಡಿ ಭೇದಿ. ಇದನ್ನು ಡಂಪಿಂಗ್ ಎನ್ನುತ್ತಾರೆ. ಒಂದರಿಂದ ಮೂರು ಗಂಟೆಯ ನಂತರ ಕೈ ನಡುಗಿ, ತಲೆ ಸುತ್ತಿದರೆ ಅದು ತಡವಾದ ರೂಪ: ಇನ್ಸುಲಿನ್ ಅತಿಯಾಗಿ ಹರಿದು ರಕ್ತದ ಸಕ್ಕರೆ ಕುಸಿದಿದೆ. ಪದೇ ಪದೇ ಆದರೆ ವೈದ್ಯರಿಗೆ ಹೇಳಲೇಬೇಕು, ವಾಹನ ಓಡಿಸುವಾಗ ಇದು ಪ್ರಾಣಾಪಾಯ.

ಗಡಿಯಾರ ಇಟ್ಟುಕೊಂಡು ಮಾತ್ರೆ

ಈ ಮಾತ್ರೆಗಳು ಜೀವನಪರ್ಯಂತ. ಎರಡನೇ ವರ್ಷದಲ್ಲಿ, ಎಲ್ಲ ಚೆನ್ನಾಗಿದೆ ಎನ್ನಿಸಿದಾಗ ನಿಲ್ಲಿಸುವವರೇ ಹೆಚ್ಚು. ದೇಹದ ಬಿ12 ದಾಸ್ತಾನು ಖಾಲಿಯಾಗಲು ವರ್ಷಗಳೇ ಬೇಕು, ಹಾಗಾಗಿ ನಿಲ್ಲಿಸಿದ ತಕ್ಷಣ ಏನೂ ಆಗುವುದಿಲ್ಲ. ಪಾದ ಜೋಮು ಹಿಡಿಯುವ ಹೊತ್ತಿಗೆ ನರಕ್ಕೆ ಹಾನಿ ಆಗಿರುತ್ತದೆ.

ಬೆಳಗ್ಗೆ 8ಕ್ಕೆ ಮಲ್ಟಿವಿಟಮಿನ್ ಮತ್ತು ಕಬ್ಬಿಣ. ಮುಟ್ಟಾಗುವ ಮಹಿಳೆಯರಿಗೂ ಬೈಪಾಸ್ ಆದವರಿಗೂ ಒಟ್ಟು 45–60 ಮಿ.ಗ್ರಾಂ. ಕಬ್ಬಿಣ ಬೇಕು. ಚಹಾ, ಕಾಫಿ ಅದರ ಹತ್ತಿರ ಬೇಡ. ಕ್ಯಾಲ್ಸಿಯಂ ದಿನಕ್ಕೆ 1,200–1,500 ಮಿ.ಗ್ರಾಂ., ಆದರೆ ದೇಹ ಒಂದು ಸಲಕ್ಕೆ 500–600ಕ್ಕಿಂತ ಹೆಚ್ಚು ಹೀರದು, ಕಬ್ಬಿಣದ ಜೊತೆ ಹೋದರೆ ಇಬ್ಬರಿಗೂ ನಷ್ಟ. ಆದ್ದರಿಂದ 11 ಗಂಟೆಗೆ ಒಂದು, ಸಂಜೆ 4ಕ್ಕೆ ಒಂದು, ರಾತ್ರಿ 9ಕ್ಕೆ ಒಂದು, ಕಬ್ಬಿಣದಿಂದ ಎರಡು ಗಂಟೆಯಾದರೂ ದೂರ. ಆಮ್ಲ ಕಡಿಮೆಯಿರುವ ಜಠರಕ್ಕೆ ಕ್ಯಾಲ್ಸಿಯಂ ಕಾರ್ಬೊನೇಟ್‌ಗಿಂತ ಸಿಟ್ರೇಟ್ ಒಳ್ಳೆಯದು. ಬಿ12 ದಿನಕ್ಕೆ 350–1,000 ಮೈಕ್ರೊಗ್ರಾಂ ಮಾತ್ರೆ, ಅಥವಾ ತಿಂಗಳಿಗೊಂದು 1,000 ಮೈಕ್ರೊಗ್ರಾಂ ಚುಚ್ಚುಮದ್ದು. ಡಿ ಜೀವಸತ್ವ ಸಾಮಾನ್ಯವಾಗಿ 3,000 ಯೂನಿಟ್‌ನಿಂದ ಶುರು, ರಕ್ತದ ಮಟ್ಟ ನೋಡಿ ಹೊಂದಿಸುತ್ತಾರೆ. ಥೈರಾಯ್ಡ್ ಮಾತ್ರೆ ತೆಗೆದುಕೊಳ್ಳುವವರು ಅದಕ್ಕೂ ಕಬ್ಬಿಣ-ಕ್ಯಾಲ್ಸಿಯಂಗೂ ನಾಲ್ಕು ಗಂಟೆ ಅಂತರ ಇಡಬೇಕು, ಆಗ ಇಡೀ ವೇಳಾಪಟ್ಟಿ ಮುಂದಕ್ಕೆ ಸರಿಯುತ್ತದೆ.

ಒಂದು ಜೀವಸತ್ವ ಮಾತ್ರ ವರ್ಷಗಟ್ಟಲೆ ಕಾಯುವುದಿಲ್ಲ: ಬಿ1, ಅಂದರೆ ಥಯಮಿನ್. ದೇಹದಲ್ಲಿ ಅದರ ದಾಸ್ತಾನು ಎರಡು-ಮೂರು ವಾರಕ್ಕಷ್ಟೇ. ದಿನಗಟ್ಟಲೆ ವಾಂತಿ ನಿಲ್ಲದಿದ್ದರೆ ಅದು ಬರಿದಾಗಿ ಕಣ್ಣು ಎರಡೆರಡಾಗಿ ಕಾಣುವುದು, ನಡಿಗೆ ತೂರಾಡುವುದು, ಗೊಂದಲ ಶುರುವಾಗುತ್ತದೆ. ತಡವಾದರೆ ಮಿದುಳಿಗೆ ಶಾಶ್ವತ ಹಾನಿ. ಬೇರಿಯಾಟ್ರಿಕ್ ಪರಿಚಯವಿಲ್ಲದ ಆಸ್ಪತ್ರೆಗೆ ತುರ್ತಾಗಿ ಹೋದಾಗ, ಶಸ್ತ್ರಚಿಕಿತ್ಸೆ ಆಗಿದೆ, ಗ್ಲೂಕೋಸ್ ಡ್ರಿಪ್ ಹಾಕುವ ಮೊದಲು ಥಯಮಿನ್ ಕೊಡಿ ಎಂದು ಮನೆಯವರು ಬಾಯಿಬಿಟ್ಟು ಹೇಳಬೇಕು. ಈ ಒಂದು ಸಾಲನ್ನು ಚೀಟಿಯಲ್ಲಿ ಬರೆದು ಪರ್ಸಿನಲ್ಲಿಟ್ಟುಕೊಳ್ಳಿ.

ನೋವಿಗೆಂದು ಐಬುಪ್ರೊಫೆನ್, ಡೈಕ್ಲೊಫೆನಾಕ್ ನುಂಗುವ ರೂಢಿಯನ್ನು ಬೈಪಾಸ್ ಆದವರು ಬಿಡಬೇಕು, ಜೋಡಣೆಯ ಜಾಗದಲ್ಲಿ ಹುಣ್ಣಾಗುತ್ತದೆ, ಪ್ಯಾರಸಿಟಮಾಲ್ ಸಾಕು. ಮದ್ಯ ಮೊದಲಿಗಿಂತ ಬೇಗ ರಕ್ತಕ್ಕೆ ಏರುತ್ತದೆ, ಚಟವಾಗುವ ಅಪಾಯವೂ ಹೆಚ್ಚು. ತೂಕ ಇಳಿದಂತೆ ಗರ್ಭಧಾರಣೆಯ ಸಾಧ್ಯತೆ ಏರುತ್ತದೆ, ಆದರೆ 12–18 ತಿಂಗಳು ತಡೆಯಬೇಕು; ಬೈಪಾಸ್ ನಂತರ ಗರ್ಭನಿರೋಧಕ ಗುಳಿಗೆಯನ್ನೇ ನೆಚ್ಚಿಕೊಳ್ಳಬಾರದು. ಬೇಗ ತೂಕ ಇಳಿದರೆ ಪಿತ್ತಕೋಶದಲ್ಲಿ ಕಲ್ಲಾಗುವುದುಂಟು, ಅದಕ್ಕೆ ಮೊದಲ ಆರು ತಿಂಗಳು ಅರ್ಸೊಡಿಆಕ್ಸಿಕೋಲಿಕ್ ಆಮ್ಲದ ಮಾತ್ರೆ ಕೊಡುತ್ತಾರೆ.

ಒಂದೂವರೆ ವರ್ಷದ ನಂತರ

ತೂಕ ಇಳಿಯುವುದು ನಿಲ್ಲುತ್ತದೆ, ಹಸಿವು ಸ್ವಲ್ಪ ಸ್ವಲ್ಪವಾಗಿ ಮರಳುತ್ತದೆ, ಹೊಗಳುವವರೂ ಸುಮ್ಮನಾಗುತ್ತಾರೆ. ಇಲ್ಲಿಂದ ಮುಂದೆ ತೂಕ ಏರಿದರೆ ಎಲ್ಲರ ಮೊದಲ ಶಂಕೆ "ಜಠರ ಹಿಗ್ಗಿರಬೇಕು" ಎಂದು. ಹೆಚ್ಚಿನ ಸಲ ಕಾರಣ ಬೇರೆ: ಸದ್ದಿಲ್ಲದೆ ಜಾರುವ ಆಹಾರ. ಬಿಸ್ಕತ್ತು, ಚಿಪ್ಸ್, ಐಸ್‌ಕ್ರೀಂ, ಚಾಕೊಲೇಟ್, ಸಿಹಿ ಪಾನೀಯ ಬಾಯಲ್ಲೇ ಕರಗಿ, ಒತ್ತಡದ ಸಂಕೇತ ಹುಟ್ಟಿಸದೆ ಇಳಿದುಹೋಗುತ್ತವೆ. ಒಂದು ತುಂಡು ಕೋಳಿಮಾಂಸ ಹಿಡಿಸದ ಜಠರಕ್ಕೆ ಒಂದು ಪೊಟ್ಟಣ ಬಿಸ್ಕತ್ತು ಸಂಜೆಯೊಳಗೆ ಸಲೀಸಾಗಿ ಹಿಡಿಸುತ್ತದೆ. ದಿನವಿಡೀ ಚೂರು ಚೂರು ಮೆಲ್ಲುವ ರೂಢಿಗೆ ಯಾವ ಶಸ್ತ್ರಚಿಕಿತ್ಸೆಯೂ ಅಡ್ಡ ನಿಲ್ಲಲಾರದು. ಇದನ್ನು ತಡೆಯುವುದಕ್ಕೆ ಮೂರು ಊಟ, ಬೇಕಿದ್ದರೆ ಗೊತ್ತಾದ ಹೊತ್ತಿಗೆ ಒಂದು ತಿಂಡಿ, ಕೂತೇ ತಿನ್ನುವುದು, ಟಿವಿ-ಫೋನ್ ಮುಂದೆ ಅಲ್ಲ. ಸಿಟ್ಟಿಗೆ, ಬೇಸರಕ್ಕೆ, ಒಂಟಿತನಕ್ಕೆ ತಿನ್ನುತ್ತಿದ್ದವರ ಆ ಕಾರಣಗಳು ಶಸ್ತ್ರಚಿಕಿತ್ಸೆಯ ಮೇಜಿನ ಮೇಲೆ ಕಳೆದುಹೋಗಿರುವುದಿಲ್ಲ. ಖಿನ್ನತೆ ಕೆಲವರಲ್ಲಿ ನಂತರ ಹೆಚ್ಚುತ್ತದೆ, ಅದಕ್ಕೆ ಆಪ್ತಸಮಾಲೋಚಕರ ಭೇಟಿಯನ್ನು ಚಿಕಿತ್ಸೆಯ ಭಾಗವೆಂದೇ ಮುಂದುವರಿಸಬೇಕು.

ವ್ಯಾಯಾಮ ತೂಕ ಇಳಿಸುವುದಕ್ಕಿಂತ, ಇಳಿದದ್ದನ್ನು ಉಳಿಸುವುದಕ್ಕೆ ಹೆಚ್ಚು ಬೇಕು. ಮೊದಲ ನಾಲ್ಕಾರು ವಾರ ನಡಿಗೆಯಷ್ಟೇ, ಐದು ಕೆಜಿಗಿಂತ ಭಾರ ಎತ್ತುವಂತಿಲ್ಲ. ಆಮೇಲೆ ವಾರಕ್ಕೆ 150 ನಿಮಿಷದಿಂದ ಶುರುಮಾಡಿ 200–300ಕ್ಕೆ ಒಯ್ಯಬೇಕು, ಎರಡು-ಮೂರು ದಿನ ಭಾರ ಎತ್ತುವ ಅಥವಾ ರಬ್ಬರ್ ಪಟ್ಟಿ ಎಳೆಯುವ ವ್ಯಾಯಾಮ. ಸ್ನಾಯು ಉಳಿದರೆ ಶಕ್ತಿಯ ಖರ್ಚೂ ಉಳಿಯುತ್ತದೆ.

ತೂಕ ವಾರಕ್ಕೊಮ್ಮೆ ಒಂದೇ ಹೊತ್ತಿಗೆ ನೋಡಿ ಬರೆದಿಡಿ. ಅತಿ ಕಡಿಮೆ ಇದ್ದಾಗಿನದಕ್ಕಿಂತ ಮೂರ್ನಾಲ್ಕು ಕೆಜಿ ಹೆಚ್ಚಾಗಿ ಅಲ್ಲೇ ನಿಂತರೆ ಗಾಬರಿ ಬೇಡ. ತಿಂಗಳಿಂದ ತಿಂಗಳಿಗೆ ಏರುತ್ತಲೇ ಇದ್ದರೆ ಒಂದು ವಾರ ತಿಂದದ್ದು ಕುಡಿದದ್ದು ಎಲ್ಲವನ್ನೂ ಬರೆದು, ಆ ಹಾಳೆ ಹಿಡಿದುಕೊಂಡೇ ತಂಡದ ಬಳಿ ಹೋಗಿ. ನಾಚಿಕೆಯಿಂದ ವರ್ಷದ ಭೇಟಿ ತಪ್ಪಿಸುವವರೇ ತಡವಾಗಿ ಬರುವವರು. ತಂಡದವರು ಮೊದಲು ಊಟದ ಕ್ರಮ, ಆಮೇಲೆ ತೂಕ ಹೆಚ್ಚಿಸುವ ಔಷಧಿಗಳೇನಾದರೂ ಇವೆಯೇ ಎಂದು ನೋಡುತ್ತಾರೆ. ಸ್ಟೀರಾಯ್ಡ್, ಇನ್ಸುಲಿನ್, ಕೆಲವು ಮನೋರೋಗದ ಮಾತ್ರೆಗಳು ಇಂಥವು. ಥೈರಾಯ್ಡ್ ಪರೀಕ್ಷೆ, ಅಗತ್ಯವಿದ್ದರೆ ಎಂಡೋಸ್ಕೋಪಿ ಮಾಡಿ ಚೀಲದ ಅಳತೆ ನೋಡುತ್ತಾರೆ. ಸೆಮಾಗ್ಲುಟೈಡ್‌ನಂಥ ಜಿಎಲ್‌ಪಿ-1 ಚುಚ್ಚುಮದ್ದನ್ನು ಈ ಹಂತದಲ್ಲಿ ಸೇರಿಸುವುದೂ ಈಗ ರೂಢಿಗೆ ಬಂದಿದೆ. ಸ್ಲೀವನ್ನು ಬೈಪಾಸ್‌ಗೆ ಬದಲಿಸುವ ಎರಡನೇ ಶಸ್ತ್ರಚಿಕಿತ್ಸೆ ಇವೆಲ್ಲ ಆದ ಮೇಲಿನ ಮಾತು. ಅದರ ಅಪಾಯ ಮೊದಲನೆಯದಕ್ಕಿಂತ ಹೆಚ್ಚು.